ಮೈನಸ್ ಐದು, ಕುರ್ಲಾ

ಹನ್ನೊಂದಕ್ಕ ಮಾಲಿನ ಶಟರ್ ಇಳೀತಾವ.
ಮೂರನೇ ಮಜಲಿನ ಬರ್ಫಿನ ಪಾರ್ಕಿನಾಗ
ಆಗ ನಮ್ಮ ಹೊತ್ತು ಹುಟ್ಟತದ.
ಬಾಡಿಗಿ ಜಾಕೀಟು ಎಣಿಸಿ ತೂಗುಹಾಕಬೇಕು, ನಾನೂರಾ ಹನ್ನೆರಡು.
ಬೂಟಿನೊಳಗ ಉಳಿದ ಯಾರಯಾರದೋ ಬೆವರು ಒರೆಸಬೇಕು.
ಆಮ್ಯಾಗ ಸಲಿಕಿ.
ದಿನವೆಲ್ಲಾ ಮಂದಿ ತುಳಿದು ಕಲ್ಲಾದದ್ದನ್ನ ಕೆತ್ತಿ
ಮಷೀನು ಉಗುಳಿದ ಹೊಸಾದು ಹರವಬೇಕು,
ಸಜ್ಜಕಕ್ಕ ರವಾ ಹರವಿದಂಗ.

ಇಂಡಿ ಕಡೆ ಹುಟ್ಟಿದಾಕಿ ನಾನು,
ಬಿಸಿಲಿಗೆ ಹೆದರಿ ಬೇವಿನ ಬುಡ ಹಿಡಿದವರ ಪೈಕಿ.
ಈಗ ಮೂಗಿನ ತುದಿ ಬ್ಯಾರೆ ಯಾರದೋ ಅನಿಸೋ ತನಕ
ಥಂಡ್ಯಾಗ ನಿಂತು ತಿಂಗಳಿಗೆ ಹದಿನಾಕು ಸಾವಿರ.

ಅಂಗ್‌ರೂಪ್ ಮಾತ್ರ ಕೈಗವಸು ಹಾಕೂದಿಲ್ಲ.
ಲಾಹೌಲದವ. ಮೊದಲನೇ ದಿನ ಒಂದು ಹಿಡಿ ಎತ್ತಿ
ಮೂಸಿ ನೋಡಿ ನಕ್ಕಿದ್ದ:
"ಇದಕ್ಕ ವಾಸನೀನೇ ಇಲ್ಲಲ್ಲ ಅಕ್ಕಾ.
ಇದು ಬರ್ಫಲ್ಲ, ಕರೆಂಟು."
ಅವನ ಹಿಂದಿ, ನನ್ನ ಹಿಂದಿ, ಎರಡೂ ಕುಂಟು,
ಜೋಡಿ ಆದರ ನಡೀತಾವ.

ಎರಡು ಗಂಟೆಗೆ ಚಹಾ.
ಪ್ಲಾಸ್ಟಿಕ್ ಪೆಂಗ್ವಿನ್ನಿಗೆ ಬೆನ್ನು ಕೊಟ್ಟು ಕೂತು ಹೇಳತಾನ:
ಅವರೂರಾಗ ಬೀಳಾಕ ಹತ್ತಿತಂದ್ರ ಮೂರು ದಿನ ಬೀಳತದ,
ಸಪ್ಪಳಿಲ್ಲದ, ಬಾಗಲಾ ಮುಚ್ಚೋ ತನಕ.
ಮಾಳಿಗಿ ಎಲ್ಲಾ ಮಣ್ಣಿಂದು.
(ನಮ್ಮ ಕಡೇನೂ, ಅಂದೆ. ಅಷ್ಟಕ್ಕೇ ಆ ಊರು
ಸೊಲ್ಲಾಪುರದ ಆಚೆಗೆ ಬಂದು ಕೂತಂಗಾತು.)
ಹೊತ್ತು ಏರೂದ್ರೊಳಗ ಕಟಗಿ ಸಲಿಕಿ ಹಿಡಿದು ಮ್ಯಾಲೆ ಏರಬೇಕು.
ಇಲ್ಲಂದ್ರ ನಡು ತೊಲಿ ಕಟ್ ಅಂತದ.
ಒಂದೇ ಸಲ ಅಂತದ,
ಎರಡನೇದು ಕೇಳಾಕ ಯಾರೂ ಇರೂದಿಲ್ಲ.
ತಮ್ಮ ಮಾಳಿಗಿ ಅರ್ಧ ಬಳಿದು
ಸೊಂಟದ ಮ್ಯಾಲೆ ಕೈ ಇಟ್ಟು ಸುತ್ತ ನೋಡತಾರಂತ.
ಯಾವ ಮನ್ಯಾಗ ಹೊಗಿ ಏಳಲಿಲ್ಲೋ
ಉಳಿದರ್ಧ ಅಲ್ಲೇ ಬಿಟ್ಟು ಆ ಮನಿಗೆ.
ಜಗಳ ಇದ್ದರೂ?
"ಜಗಳಾ ಏಪ್ರಿಲ್‌ನಾಗ ಅಕ್ಕಾ. ದಾರಿ ತೆರೆದಮ್ಯಾಗ."

ಆಷಾಢದ ಒಂದು ರಾತ್ರಿ ಮುಗಿಲು ಕಿತಗೊಂಡು ಬಿತ್ತು.
ಅವತ್ತು ನನಗ ರಜಾ.
ಗಟಾರದ ಮುಚ್ಚಳ ತಾನೇ ಎತ್ತಿ ಮಿಠಿ ನದಿ ಒಳಗ ಬಂತು
ಕರೀದ ಬೀಗರ ಹಂಗ.
ಒಲಿ ಮುಣುಗ್ತು. ಫೋನು ಸತ್ತಿತು.
ಭಾಗ್ಯವಂತಿನ್ನ ಟ್ರಂಕಿನ ಮ್ಯಾಲೆ ನಿಲ್ಲಿಸಿ
ನೀರು ಕುಡಿದ ಎಮ್ಮಿ ಹೊಟ್ಟಿಯಂಗ ಜೋತ ತಾಡಪತ್ರಿ
ಬಾರಿಗಿ ಹಿಡಿಲೆ ತಳದಿಂದ ತಿವಿದೆ, ತಿವಿದೆ,
ನನ್ನ ತೋಳು ನನ್ನ ಮಾತು ಬಿಡೋ ತನಕ.

ಬೆಳಕು ಹರಿಯೋ ಹೊತ್ತಿಗೆ
ನಡುಮಟ ನೀರಾಗ ಓಣಿ ಹಿಡಿದು ಬಂದ ಅಂಗ್‌ರೂಪ್.
ಈಜು ಬಾರದವ.
ಸಾಯನ್‌ದಿಂದ ಹಳಿಗುಂಟ ನಡದು,
ಪಾರ್ಕಿನ ಕೆಂಪು ಪ್ಲಾಸ್ಟಿಕ್ ಸಲಿಕಿ ಮುಂದ ಮುಂದ ಚುಚ್ಚಿ
ಮ್ಯಾನ್‌ಹೋಲ್ ಹುಡುಕಿ ತಪ್ಪಿಸಿಕೋತ.

"ಹತ್ತು ಸಲ ಫೋನ್ ಹಚ್ಚಿದೆ," ಅಂದ.
ಆಮ್ಯಾಗ ನಾಚಿಕೊಂಡು,
"ಹೊಗಿ ಕಾಣಲಿಲ್ಲ."

ಅಳು ಬರಬೇಕಿತ್ತು. ಬಂದದ್ದು ಸಿಟ್ಟು.
ಹುಚ್ಚಪ್ಯಾ, ಸತ್ತುಗಿತ್ತಿದ್ದರ ನಿಮ್ಮವ್ವಗ ಏನು ಹೇಳಲಿ ನಾನು,
ಕನ್ನಡದಾಗೇ ಬೈದೆ.
ಅವಗ ಪೂರಾ ತಿಳೀತು.

ಒಳಗ ಬಾ ಅಂದರ ಬರಲಿಲ್ಲ.
ಪತ್ರಾದ ಮ್ಯಾಲೆ ಏರಿ ನೀರು ಅರ್ಧ ಬಳಿದವ
ಸೊಂಟದ ಮ್ಯಾಲೆ ಕೈ ಇಟ್ಟು ನಿಂತುಬಿಟ್ಟ.
"ಆ ಹಸಿರು ಬಾಗಲಾ ಯಾರದಕ್ಕಾ?"

ಝುಲೇಖಾ ಬೂವಂದು.
ನಳದ ಸರದಿ ಸಲುವಾಗಿ ಆಕೀದೂ ನಂದೂ
ಮಾತು ಬಿಟ್ಟು ಎರಡು ವರ್ಷ.
ಹೇಳಲಿಲ್ಲ ಅವಗ.
ಸೀರಿ ಮ್ಯಾಲೆ ಕಟ್ಟಿದೆ.

ಹಲಗಿ ಉಬ್ಬಿ ಚೌಕಟ್ಟಿಗೆ ಹಿಡದಿತ್ತು.
ಸಂದ್ಯಾಗ ಸಲಿಕಿ ಕೊಟ್ಟು ಇಬ್ಬರೂ ಮೀಟಿದಿವಿ, ಸಲಿಕಿ ಮುರೀತು
(ಅದರ ಮುನ್ನೂರಾ ಐವತ್ತು ಪಗಾರದಾಗ ಹಿಡಕೊಂಡರು),
ಬಾಗಲಾ ಬಂತು.

ಒಳಗ ಖಾಟಿನ ಮ್ಯಾಲೆ ಇನ್ನೊಂದು ಖಾಟು,
ಅದರ ಮ್ಯಾಲೆ ಮುದುಡಿ ಕೂತ ಬೂವ
ನನ್ನ ಮಾರಿ ನೋಡಿ, ಬಾಳ ಹೊತ್ತು ನೋಡಿ,
ಕೇಳಿದಳು:
"ನಳಾ ಬಂತೇನ?"